ಮಗಳು ಹೋಗುತ್ತಿರುವುದು ಓದೋಕೋ, ಸೈನ್ಯಕ್ಕೋ?

ಪ್ರಶ್ನೆ: ನಾನು ತಿಪಟೂರಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ಮಗಳಿಗೆ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಮ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಎಂ.ಎಸ್. ಸೀಟು ಸಿಕ್ಕಿದೆ. ಖುಷಿಪಡಬೇಕಾದ ಹೊತ್ತಲ್ಲಿ ಗಾಬರಿ ಶುರುವಾಗಿದೆ. ನಮ್ಮ ಭಾವನವರು, "ಅದು ಲ್ಯಾಂಡ್ ಗ್ರಾಂಟ್ ಕಾಲೇಜು, ಸರ್ಕಾರ ಜಮೀನು ಕೊಟ್ಟು ರೈತರಿಗೆ ಕಟ್ಟಿಸಿದ್ದು, ಅಲ್ಲಿ ಕಂಪ್ಯೂಟರ್ ಏನು ಕಲಿಸ್ತಾರೆ" ಅಂತಾರೆ. ವಿಡಿಯೊ ನೋಡಿದರೆ ಹುಡುಗ ಹುಡುಗಿಯರು ಮಿಲಿಟರಿ ಬಟ್ಟೆ, ಮೊಣಕಾಲುದ್ದದ ಬೂಟು ಹಾಕಿಕೊಂಡು ಕವಾಯತು ಮಾಡುತ್ತಿದ್ದಾರೆ. ಇನ್ನೊಂದರಲ್ಲಿ ರಾತ್ರಿ ದೀಪ ಆರಿಸಿ ಸಾವಿರಾರು ಜನ ಕತ್ತಲಲ್ಲಿ ನಿಂತಿದ್ದಾರೆ. ಮತ್ತೊಂದರಲ್ಲಿ ಸತ್ತವರ ಹೆಸರು ಕೂಗಿದರೆ ಬದುಕಿರುವವರು "ಇದ್ದೇನೆ" ಅನ್ನುತ್ತಾರೆ! ಬೆಂಕಿ ಹಬ್ಬ ಮಾಡೋಕೆ ಹೋಗಿ 12 ಜನ ಸತ್ತರಂತೆ. ನನ್ನ ಮಗಳು ಸಂಕೋಚದ ಹುಡುಗಿ. ಇದರಲ್ಲೆಲ್ಲ ಸೇರಲೇಬೇಕಾ? ಸೇರದಿದ್ದರೆ ಮೂಲೆಗುಂಪು ಮಾಡ್ತಾರಾ? ಇದು ವಿಶ್ವವಿದ್ಯಾಲಯವೋ, ಯಾವುದಾದರೂ ಪಂಥವೋ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಅಮ್ಮನ ನೆನಪಾಯಿತು, ಮೇಡಂ. ಎಂಬತ್ತರ ದಶಕದಲ್ಲಿ ಕೃಷಿ ವಿಸ್ತರಣೆಯಲ್ಲಿ ಪಿಎಚ್.ಡಿ. ಮಾಡಲು ನಾನು ಅದೇ ಊರಿಗೆ ಹೊರಟಿದ್ದೆ. ಊರಿನ ಹೆಸರು ಕಾಲೇಜ್ ಸ್ಟೇಷನ್ ಅಂದಾಗ ಅಮ್ಮ ಕೇಳಿದ್ದು, "ಸ್ಟೇಷನ್ ಅಂದರೆ ಪೊಲೀಸ್ ಸ್ಟೇಷನ್ನಾ?" ಅಲ್ಲ, ರೈಲ್ವೆ ಸ್ಟೇಷನ್. ಬಯಲಿನ ನಡುವೆ ಕಾಲೇಜು ಕಟ್ಟಿದರು, ಅದಕ್ಕೆ ರೈಲು ನಿಲ್ಲತೊಡಗಿತು, ನಿಲ್ದಾಣದ ಹೆಸರೇ ಊರಿನ ಹೆಸರಾಯಿತು. 1876ರಲ್ಲಿ ಕಾಲೇಜು ಬಾಗಿಲು ತೆರೆಯಿತು. ಊರಿಗೆ ನಗರಸಭೆ ಬಂದಿದ್ದು 1938ರಲ್ಲಿ. ಇದನ್ನು ಯಾಕೆ ಹೇಳಿದೆ ಅಂದರೆ, ಸುತ್ತ ಏನೂ ಇಲ್ಲದ ಕಡೆ ಒಂದಷ್ಟು ಹುಡುಗರನ್ನು ಕೂಡಿಹಾಕಿದರೆ ಅವರು ತಮ್ಮದೇ ಲೋಕ ಕಟ್ಟಿಕೊಳ್ಳುತ್ತಾರೆ. ನೀವು ವಿಡಿಯೊದಲ್ಲಿ ನೋಡಿದ್ದು ಆ ಲೋಕವನ್ನು.

ಮೊದಲು ನಿಮ್ಮ ಭಾವನವರ ಮಾತು ಮುಗಿಸೋಣ. ಅರ್ಧ ಸರಿ, ಅರ್ಧ ತಪ್ಪು.

1862ರ ಜುಲೈ 2. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದೆ. ಅಧ್ಯಕ್ಷ ಲಿಂಕನ್ ಒಂದು ಕಾಯಿದೆಗೆ ಸಹಿ ಹಾಕುತ್ತಾರೆ. ಅದನ್ನು ತಂದವರು ವರ್ಮಾಂಟ್‌ನ ಜಸ್ಟಿನ್ ಮಾರಿಲ್, ಒಬ್ಬ ಕಮ್ಮಾರನ ಮಗ. ಲೆಕ್ಕ ಸರಳ. ಒಂದು ರಾಜ್ಯಕ್ಕೆ ಸಂಸತ್ತಿನಲ್ಲಿ ಎಷ್ಟು ಸದಸ್ಯರೋ, ತಲೆಗೆ 30,000 ಎಕರೆಯಂತೆ ಅಷ್ಟು ಸರ್ಕಾರಿ ಭೂಮಿ. ಅದನ್ನು ಮಾರಿ ಇಡುಗಂಟು ಮಾಡಿ, ಅದರ ಬಡ್ಡಿಯಲ್ಲಿ ಕಾಲೇಜು ನಡೆಸಬೇಕು. ಯುದ್ಧ ಮುಗಿದ ಮೇಲೆ ಟೆಕ್ಸಾಸ್‌ಗೆ 1,80,000 ಎಕರೆಯ ಹಕ್ಕುಪತ್ರ ಸಿಕ್ಕಿತು. ಆ ಜಮೀನು ಟೆಕ್ಸಾಸ್‌ನಲ್ಲಿ ಇರಲೇ ಇಲ್ಲ. ಅಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿದ ಭೂಮಿ ಇಲ್ಲದ್ದರಿಂದ ಬೇರೆ ಕಡೆಯದನ್ನು ಕೊಟ್ಟರು. ನಮ್ಮಲ್ಲಿ ದೇವಸ್ಥಾನ ಒಂದು ಊರಲ್ಲಿ, ಅದರ ಮಾನ್ಯದ ಜಮೀನು ಇನ್ನೊಂದು ಊರಲ್ಲಿ ಇರುತ್ತಿತ್ತಲ್ಲ, ಹುಟ್ಟುವಳಿಯಲ್ಲಿ ದೀಪದ ಎಣ್ಣೆ ನಡೆಯುತ್ತಿತ್ತಲ್ಲ, ಹಾಗೆ. ಇಲ್ಲಿ ಮಾತ್ರ ಜಮೀನನ್ನೇ ಮಾರಿಬಿಟ್ಟರು. ಕಾಲೇಜಿನ ಕಟ್ಟಡ ಎದ್ದ 2,416 ಎಕರೆ ಬೇರೆ. ಅದನ್ನು ಕೊಟ್ಟವರು ಅಲ್ಲಿನ ಬ್ರಾಜೋಸ್ ಕೌಂಟಿಯ ಜನ.

ಆ "ಸರ್ಕಾರಿ" ಭೂಮಿ ಸರ್ಕಾರಕ್ಕೆ ಎಲ್ಲಿಂದ ಬಂತು ಅಂತಲೂ ಕೇಳಬೇಕಲ್ಲವೇ? ಅಮೆರಿಕದ ಮೂಲ ನಿವಾಸಿಗಳಿಂದ. ಒಪ್ಪಂದದಿಂದ, ಬೆದರಿಕೆಯಿಂದ, ಎಷ್ಟೋ ಕಡೆ ಬರೀ ಕಿತ್ತುಕೊಂಡು. ಹೀಗೆ ಸುಮಾರು 250 ಬುಡಕಟ್ಟುಗಳ ಒಂದು ಕೋಟಿ ಎಕರೆಗೂ ಜಾಸ್ತಿ ಭೂಮಿ 52 ವಿಶ್ವವಿದ್ಯಾಲಯಗಳ ಇಡುಗಂಟಾಯಿತು ಅಂತ 2020ರಲ್ಲಿ ಒಂದು ಪತ್ರಿಕಾ ತನಿಖೆ ಲೆಕ್ಕ ಹಾಕಿ ತೋರಿಸಿತು. ನಾನು ಅಲ್ಲಿ ಓದುವಾಗ ಈ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಇನ್ನು ಮೂರನೇ ಜಮೀನಿನ ಕಥೆ. ಪಶ್ಚಿಮ ಟೆಕ್ಸಾಸ್‌ನಲ್ಲಿ 21 ಲಕ್ಷ ಎಕರೆ ಬರಡು ನೆಲವನ್ನು ರಾಜ್ಯ ವಿಶ್ವವಿದ್ಯಾಲಯಗಳ ನಿಧಿಗೆ ಬರೆದಿಟ್ಟಿತ್ತು. ಕುರುಚಲು ಗಿಡ ಬಿಟ್ಟರೆ ಏನೂ ಬೆಳೆಯದ ನೆಲ. 1923ರ ಮೇ ತಿಂಗಳಲ್ಲಿ ಅಲ್ಲಿ ಕೊರೆದ ಒಂದು ಬಾವಿಯಿಂದ ತೈಲ ಚಿಮ್ಮಿತು. ಬಾವಿಗೆ ಇಟ್ಟಿದ್ದ ಹೆಸರು ಸಾಂತಾ ರೀಟಾ. ಆಗದ ಕೆಲಸ ಆಗಿಸುವ ಸಂತಳಂತೆ ಆಕೆ! ಆ ನಿಧಿಯ ಆದಾಯದಲ್ಲಿ ಮೂರನೇ ಎರಡು ಪಾಲು ಟೆಕ್ಸಾಸ್ ವಿಶ್ವವಿದ್ಯಾಲಯದ ಬಳಗಕ್ಕೆ, ಮೂರನೇ ಒಂದು ಪಾಲು ಎ ಅಂಡ್ ಎಮ್ ಬಳಗಕ್ಕೆ. ಹಾಗಾಗಿ "ಸರ್ಕಾರಿ ಕಾಲೇಜು, ಬಡವಾಗಿರುತ್ತೆ" ಅಂತ ಅಂದುಕೊಳ್ಳಬೇಡಿ. ಹಾಗೆಯೇ "ಸರ್ಕಾರಿ ಕಾಲೇಜು, ಫೀಸು ಕಮ್ಮಿ" ಅಂತಲೂ ಅಂದುಕೊಳ್ಳಬೇಡಿ. ರಾಜ್ಯದವರಿಗೆ ಒಂದು ಫೀಸು, ಹೊರಗಿನವರಿಗೆ ಇನ್ನೊಂದು. ಎರಡಕ್ಕೂ ಅಜಗಜಾಂತರ. ಮಗಳಿಗೆ ಬಂದಿರುವ ಪತ್ರದಲ್ಲಿ ಅವಳು ಯಾವ ಲೆಕ್ಕದಲ್ಲಿದ್ದಾಳೆ ಅಂತ ಇವತ್ತೇ ನೋಡಿ.

ಕಂಪ್ಯೂಟರ್ ವಿಷಯಕ್ಕೆ ಬರೋಣ. ಹೆಸರಿನ "ಎ" ಅಂದರೆ ಅಗ್ರಿಕಲ್ಚರಲ್, "ಎಮ್" ಅಂದರೆ ಮೆಕ್ಯಾನಿಕಲ್. ಕೃಷಿಯ ಜೊತೆ ಯಂತ್ರವಿದ್ಯೆ ಕಲಿಸಬೇಕು ಅಂತ ಮೂಲ ಕಾಯಿದೆಯಲ್ಲೇ ಇದೆ. ಅಂದರೆ ಎಂಜಿನಿಯರಿಂಗ್ ಅಲ್ಲಿ ನಿನ್ನೆ ಮೊನ್ನೆ ಸೇರಿದ್ದಲ್ಲ. ಇವತ್ತು ದೇಶದ ಅತಿ ದೊಡ್ಡ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅದೂ ಒಂದು. 1963ರಲ್ಲಿ ಹೆಸರು ಬದಲಾದಾಗಿನಿಂದ ಆ ಎರಡು ಅಕ್ಷರಗಳಿಗೆ ವಿಸ್ತರಣೆಯೇ ಇಲ್ಲ. ಹಳೆಯ ನೆನಪಿಗೆ ಉಳಿಸಿಕೊಂಡಿದ್ದಾರೆ ಅಷ್ಟೇ. ನಮ್ಮ ಎಷ್ಟೋ ಇನಿಷಿಯಲ್ಲುಗಳ ಥರ.

ರೈತರ ಕಾಲೇಜು ಅಂತ ಮೂಗು ಮುರಿಯುವ ನಿಮ್ಮ ಭಾವನವರಿಗೆ ಇನ್ನೊಂದು ಮಾತು ಹೇಳಿ. ತಿಪಟೂರು ತಾಲ್ಲೂಕಿನ ಕೊನೆಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆಯಲ್ಲ, ಅದರ ವಂಶವೃಕ್ಷ ಹುಡುಕಿಕೊಂಡು ಹೋದರೆ ಈ ಕಾಯಿದೆಗೇ ತಲುಪುತ್ತೀರಿ. ಕಲಿಸು, ಸಂಶೋಧನೆ ಮಾಡು, ಗೊತ್ತಾದದ್ದನ್ನು ಹೊಲಕ್ಕೆ ತಲುಪಿಸು. ಮೂರೂ ಒಂದೇ ಸೂರಿನಡಿ ಇರಬೇಕು. ಇದು ಲ್ಯಾಂಡ್ ಗ್ರಾಂಟ್ ಮಾದರಿ. 1903ರಲ್ಲಿ ಟೆಕ್ಸಾಸ್‌ನ ಟೆರೆಲ್ ಎಂಬ ಊರಲ್ಲಿ ಸೀಮನ್ ನ್ಯಾಪ್ ಎಂಬವರು ಒಬ್ಬ ರೈತನ ಹೊಲದಲ್ಲೇ ಪ್ರಾತ್ಯಕ್ಷಿಕೆ ಮಾಡಿಸಿದರು. ಉಪದೇಶ ಕೇಳಿ ರೈತ ನಂಬುವುದಿಲ್ಲ, ಪಕ್ಕದ ಹೊಲ ನೋಡಿ ನಂಬುತ್ತಾನೆ ಎಂಬ ಲೆಕ್ಕಾಚಾರ. ಆ ಲೆಕ್ಕಾಚಾರವೇ 1914ರಲ್ಲಿ ಅಮೆರಿಕದ ಕಾಯಿದೆಯಾಯಿತು. ನಮ್ಮಲ್ಲಿ 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹುಟ್ಟಿದ್ದು ಇದೇ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ನೆರವಿನಿಂದ. ಟೆನೆಸಿ ಕೂಡ ಲ್ಯಾಂಡ್ ಗ್ರಾಂಟೇ. ಜಿಕೆವಿಕೆಯ ಕೃಷಿ ಮೇಳಕ್ಕೆ ಬಸ್ಸು ಮಾಡಿಕೊಂಡು ಹೋಗುವ ನಮ್ಮ ರೈತರು ಒಂದು ಲೆಕ್ಕದಲ್ಲಿ ಲಿಂಕನ್ ಸಹಿಯ ಫಲ ಉಣ್ಣುತ್ತಿದ್ದಾರೆ. ಹಸಿರು ಕ್ರಾಂತಿಯ ನಾರ್ಮನ್ ಬೋರ್ಲಾಗ್ ಕೂಡ 1984ರಿಂದ ಕೊನೆಯ ತನಕ ಎ ಅಂಡ್ ಎಮ್‌ನಲ್ಲೇ ಪಾಠ ಹೇಳಿದವರು.

ಈಗ ಬೂಟಿನ ವಿಷಯ.

ಮಾರಿಲ್ ಕಾಯಿದೆಯಲ್ಲಿ ಒಂದು ಚಿಕ್ಕ ತುಣುಕಿದೆ. ಕೃಷಿ, ಯಂತ್ರವಿದ್ಯೆಯ ಜೊತೆಗೆ ಯುದ್ಧತಂತ್ರವನ್ನೂ ಕಲಿಸಬೇಕು. ದೇಶವೇ ಹೊಡೆದಾಡುತ್ತಿದ್ದ ವರ್ಷ ಬರೆದ ಕಾಯಿದೆ, ಅದಕ್ಕೇ ಆ ಸಾಲು ಸೇರಿತು. ಹೆಚ್ಚಿನ ಕಾಲೇಜುಗಳು ಅದನ್ನು ನಮ್ಮ ಎನ್‌ಸಿಸಿ ಥರ ಒಂದು ಮೂಲೆಯಲ್ಲಿಟ್ಟವು. ಎ ಅಂಡ್ ಎಮ್‌ನಂಥ ಕೆಲವು ಮಾತ್ರ ಕಾಲೇಜನ್ನೇ ದಂಡು ಮಾಡಿಬಿಟ್ಟವು. ಎ ಅಂಡ್ ಎಮ್‌ನಲ್ಲಿ ಎಲ್ಲ ಹುಡುಗರೂ ಕ್ಯಾಡೆಟ್‌ಗಳು, ಎಲ್ಲರಿಗೂ ಸಮವಸ್ತ್ರ. ಎರಡನೇ ಮಹಾಯುದ್ಧಕ್ಕೆ ಅಲ್ಲಿಂದ 20,000ಕ್ಕೂ ಹೆಚ್ಚು ಮಂದಿ ಹೋದರು. ಅವರಲ್ಲಿ ಸುಮಾರು 14,000 ಜನ ಅಧಿಕಾರಿಗಳು.

ಈ ಕಡ್ಡಾಯವನ್ನು ತೆಗೆದವರು ಒಬ್ಬ ಸೈನಿಕರೇ ಅನ್ನುವುದು ನನಗೆ ಇಷ್ಟವಾದ ಸಂಗತಿ. ಅರ್ಲ್ ರಡರ್. 1944ರಲ್ಲಿ ನಾರ್ಮಂಡಿಯ ಕಡಿದಾದ ಬಂಡೆಯನ್ನು ಗುಂಡೇಟಿನ ನಡುವೆ ಹಗ್ಗ ಹಿಡಿದು ಹತ್ತಿದ ಪಡೆಯ ನಾಯಕ. ಆಮೇಲೆ ವಿಶ್ವವಿದ್ಯಾಲಯದ ಅಧ್ಯಕ್ಷ. 1963ರಲ್ಲಿ ಹೆಣ್ಣುಮಕ್ಕಳಿಗೂ ಕಪ್ಪು ವರ್ಣೀಯರಿಗೂ ಬಾಗಿಲು ತೆರೆದದ್ದು ಅವರ ಕಾಲದಲ್ಲಿ. ಹೆಣ್ಣುಮಕ್ಕಳಿಗೆ ಮೊದಮೊದಲು ಅರ್ಧ ಬಾಗಿಲು ಮಾತ್ರ. 1965ರಲ್ಲಿ ಕ್ಯಾಡೆಟ್ ಆಗುವುದನ್ನು ಐಚ್ಛಿಕ ಮಾಡಿದರು. ಹಳೆಯ ವಿದ್ಯಾರ್ಥಿಗಳು ಕೂಗಾಡಿದರು, ಕಾಲೇಜು ಹಾಳಾಯಿತು ಅಂದರು. ಹಾಳಾಗಲಿಲ್ಲ, ಬೆಳೆಯಿತು. ಇವತ್ತು 70,000ಕ್ಕೂ ಹೆಚ್ಚು ವಿದ್ಯಾರ್ಥಿಗಳು. ಅವರಲ್ಲಿ ಬೂಟು ಹಾಕುವವರು ಎರಡು ಸಾವಿರ ಚಿಲ್ಲರೆ. ಇಡೀ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಹುಡುಗಿಯರು ಸುಮಾರು ಅರ್ಧ. ನಿಮ್ಮ ಮಗಳನ್ನು ಯಾರೂ ಕವಾಯತಿಗೆ ಕರೆಯುವುದಿಲ್ಲ. 1963ಕ್ಕೆ ಮುಂಚೆ ಹೋಗಿದ್ದರೆ ಗೇಟಿನೊಳಗೇ ಬಿಡುತ್ತಿರಲಿಲ್ಲ, ಅದು ಬೇರೆ ಮಾತು. ಕಪ್ಪು ವರ್ಣೀಯ ಮಕ್ಕಳಿಗೆ ಅಂತ 1876ರಲ್ಲೇ ಪ್ರೈರಿ ವ್ಯೂ ಎಂಬ ಪ್ರತ್ಯೇಕ ಕಾಲೇಜು ಮಾಡಿ ಬೇರೆ ಕೂರಿಸಿದ್ದರು. ಈ ಕಥೆಯನ್ನು ಹೆಮ್ಮೆಯ ಕರಪತ್ರಗಳಲ್ಲಿ ಸಣ್ಣ ಅಕ್ಷರದಲ್ಲಿ ಹಾಕುತ್ತಾರೆ.

ಕತ್ತಲಲ್ಲಿ ನಿಂತವರ ವಿಡಿಯೊ ನಿಮಗೆ ಹೆಚ್ಚು ಹೆದರಿಕೆ ತಂದಿದೆ ಅಂತ ಕಾಣುತ್ತದೆ. ಅದರ ಹೆಸರು ಸಿಲ್ವರ್ ಟ್ಯಾಪ್ಸ್. ಓದುತ್ತಿರುವ ವಿದ್ಯಾರ್ಥಿ ಯಾರಾದರೂ ತೀರಿಕೊಂಡರೆ, ಮುಂದಿನ ತಿಂಗಳ ಮೊದಲ ಮಂಗಳವಾರ ರಾತ್ರಿ ಹತ್ತೂವರೆಗೆ ಕ್ಯಾಂಪಸ್ಸಿನ ದೀಪ ತಗ್ಗಿಸುತ್ತಾರೆ. ಜನ ಸದ್ದಿಲ್ಲದೆ ಬಂದು ಸೇರುತ್ತಾರೆ. ಏಳು ಬಂದೂಕುಗಳಿಂದ ಮೂರು ಸುತ್ತು ಗೌರವದ ಗುಂಡು. ಆಮೇಲೆ ಕಹಳೆ, ಮೂರು ಸಲ. ಉತ್ತರಕ್ಕೆ, ದಕ್ಷಿಣಕ್ಕೆ, ಪಶ್ಚಿಮಕ್ಕೆ. ಪೂರ್ವಕ್ಕೆ ಊದುವುದಿಲ್ಲ. ಆ ಮಗುವಿಗೆ ಇನ್ನು ಸೂರ್ಯ ಹುಟ್ಟುವುದಿಲ್ಲ ಅಂತ. ಬಂದ ಹಾಗೆಯೇ ಸದ್ದಿಲ್ಲದೆ ಹೋಗುತ್ತಾರೆ. 1898ರಲ್ಲಿ ಕಾಲೇಜಿನ ಅಧ್ಯಕ್ಷ ಸಲ್ ರಾಸ್ ತೀರಿಕೊಂಡಾಗ ಶುರುವಾದದ್ದು.

ನಾನು ಮೊದಲ ಸಲ ಹೋಗಿದ್ದು ನನ್ನ ಲ್ಯಾಬಿನ ಪಕ್ಕದ ಲ್ಯಾಬಿನ ಹುಡುಗನೊಬ್ಬನಿಗಾಗಿ. ಎರಡು ಸಲ ಕಾಫಿ ಮೆಷಿನ್ ಹತ್ತಿರ ಮಾತಾಡಿಸಿದ್ದೆ, ಅಷ್ಟೇ. ಅಪಘಾತದಲ್ಲಿ ಹೋದ. ಅವನ ಹೆಸರೂ ಸರಿಯಾಗಿ ಗೊತ್ತಿಲ್ಲದ ಸಾವಿರಾರು ಜನ ಅವತ್ತು ನಿಂತಿದ್ದರು. ಯಾರೂ ಕೆಮ್ಮಲೂ ಇಲ್ಲ. ನಾನು ರೂಮಿಗೆ ಬಂದು ಊರಿಗೆ ಕಾಗದ ಬರೆದೆ. ನಮ್ಮಲ್ಲಿ ಕಾಲೇಜಿನ ಹುಡುಗ ಸತ್ತರೆ ಒಂದು ದಿನ ರಜೆ ಕೊಡುತ್ತೇವೆ, ಹುಡುಗರು ಸಿನಿಮಾಕ್ಕೆ ಹೋಗುತ್ತಾರೆ. ಸಿಲ್ವರ್ ಟ್ಯಾಪ್ಸ್ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ, ಹೊರದೇಶದವರಿಗೂ ಇದೆ. ಬುಡಕಟ್ಟು, ಬಣ್ಣ, ಧರ್ಮ ಏನೂ ನೋಡುವುದಿಲ್ಲ.

ಹೆಸರು ಕೂಗುವುದು ಮಸ್ಟರ್, ಏಪ್ರಿಲ್ 21ಕ್ಕೆ. 1836ರಲ್ಲಿ ಟೆಕ್ಸಾಸ್ ಮೆಕ್ಸಿಕೊದಿಂದ ಬಿಡಿಸಿಕೊಂಡ ಸಾನ್ ಹಸಿಂಟೊ ಕದನದ ದಿನ. ಆ ವರ್ಷ ತೀರಿಕೊಂಡ ಹಳಬರ, ಹೊಸಬರ ಹೆಸರು ಒಂದೊಂದಾಗಿ ಓದುತ್ತಾರೆ. ಅವರ ಪರವಾಗಿ ಮನೆಯವರೋ ಗೆಳೆಯರೋ "ಹಿಯರ್" ಅಂದು ಮೇಣದಬತ್ತಿ ಹಚ್ಚುತ್ತಾರೆ. ಹಾಜರಿ ಕರೆಯುವ ಮಿಲಿಟರಿ ರೂಢಿ ಶೋಕದ ರೂಢಿಯಾದದ್ದು ಹೀಗೆ. ನಾವು ಮಹಾಲಯ ಅಮಾವಾಸ್ಯೆಗೆ ಹಿರಿಯರ ಹೆಸರು ಹೇಳಿ ಎಡೆ ಇಡುವುದಿಲ್ಲವೇ? ಹೊರಗಿನವರಿಗೆ ಅದೂ ವಿಚಿತ್ರವಾಗಿಯೇ ಕಾಣುತ್ತದೆ. ಲೋಕದಾದ್ಯಂತ ಮುನ್ನೂರಕ್ಕೂ ಹೆಚ್ಚು ಕಡೆ ಮಸ್ಟರ್ ನಡೆಯುತ್ತದೆ.

ಮಸ್ಟರ್ ಬಗ್ಗೆ ಒಂದು ದಂತಕಥೆ ಮಗಳ ಕಿವಿಗೂ ಬೀಳುತ್ತದೆ. 1942ರಲ್ಲಿ ಫಿಲಿಪೀನ್ಸ್‌ನ ಕೊರೆಗಿಡೋರ್ ದ್ವೀಪಕ್ಕೆ ಜಪಾನೀಯರು ಮುತ್ತಿಗೆ ಹಾಕಿದ್ದಾಗ ಜನರಲ್ ಜಾರ್ಜ್ ಮೂರ್ ಮತ್ತು ಅಲ್ಲಿನ ಹಳೆಯ ವಿದ್ಯಾರ್ಥಿಗಳು ಮಸ್ಟರ್ ಮಾಡಿದರು ಅಂತ. ಮೂರ್ ತನ್ನ ಕೈಕೆಳಗಿದ್ದವರ ಹೆಸರನ್ನು ಪತ್ರಕರ್ತನಿಗೆ ಕೊಟ್ಟದ್ದು, ಅದು ಅಮೆರಿಕದಲ್ಲಿ ದೊಡ್ಡ ಸುದ್ದಿಯಾದದ್ದು ನಿಜ. ಆ ಗುಂಡಿನ ಮಳೆಯಲ್ಲಿ ನಿಜಕ್ಕೂ ಒಂದೆಡೆ ಸೇರಿದ್ದರೇ ಅಂತ ಇತಿಹಾಸ ಬಲ್ಲವರೇ ಅನುಮಾನ ಪಡುತ್ತಾರೆ. ನನಗೆ ಕೇಳಿದರೆ, ಸೇರದೆ ಇದ್ದರೂ ಆ ಪಟ್ಟಿಯೇ ಸಾಕು.

ಬೆಂಕಿ ಹಬ್ಬದ ಬಗ್ಗೆ ಮಾತ್ರ ನಿಮ್ಮ ಭಯ ಸುಳ್ಳಲ್ಲ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಮ್ಮ ಧಾರವಾಡದ ಕಡೆ ಕಾಮಣ್ಣನ ಹಬ್ಬಕ್ಕೆ ಹುಡುಗರು ಮನೆಮನೆಯ ಕಟ್ಟಿಗೆ ಕದ್ದು ಗುಡ್ಡೆ ಹಾಕುವುದು ನೋಡಿದ್ದೀರಾ? ಬಾನ್‌ಫೈರ್ ಕೂಡ ಹಾಗೇ ಶುರುವಾಯಿತು, ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಜೊತೆಗಿನ ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಸಿಕ್ಕಿದ ಮರ, ಪೆಟ್ಟಿಗೆ, ಕಸ ಎಲ್ಲ ಒಟ್ಟಿ ಬೆಂಕಿ ಇಡುವುದು. 1935ರಲ್ಲಿ ಒಬ್ಬ ರೈತನ ಮರದ ಕೊಟ್ಟಿಗೆಯನ್ನೇ ಹೊತ್ತುಕೊಂಡು ಹೋದರು! ಆಮೇಲೆ ಕಾಲೇಜೇ ಮರ ಕಡಿಯಲು ಜಾಗ ತೋರಿಸಿತು. ಅಲ್ಲಿಂದ ಕಸದ ಗುಡ್ಡೆ ಹೋಗಿ ದಿಮ್ಮಿಗಳ ಗೋಪುರ ಬಂತು. 1969ರಲ್ಲಿ ಅದರ ಎತ್ತರ 109 ಅಡಿ. ವರ್ಷವರ್ಷ ಹಿರಿಯ ಹುಡುಗರು ಕಿರಿಯರಿಗೆ ಬಾಯಿಮಾತಲ್ಲಿ ಹೇಳಿಕೊಟ್ಟ ವಿದ್ಯೆ. ಎಂಜಿನಿಯರ್ ಸಹಿ ಮಾಡಿದ ನಕ್ಷೆ ಇರಲಿಲ್ಲ. ಅಷ್ಟು ದೊಡ್ಡ ಎಂಜಿನಿಯರಿಂಗ್ ಕಾಲೇಜಿನ ಅಂಗಳದಲ್ಲಿ!

1999ರ ನವೆಂಬರ್ 18. ನಸುಕಿನ 2 ಗಂಟೆ 42 ನಿಮಿಷ. 59 ಅಡಿಗೆ ಏರಿದ್ದ, 5,000ಕ್ಕೂ ಹೆಚ್ಚು ದಿಮ್ಮಿಗಳ ಗೋಪುರ ಕುಸಿಯಿತು. ಬೆಂಕಿ ಇನ್ನೂ ಹಚ್ಚಿರಲಿಲ್ಲ. ನಿಮ್ಮ ವಿಡಿಯೊ ಬೆಂಕಿಯಲ್ಲಿ ಸತ್ತರು ಅಂತ ಹೇಳಿದ್ದರೆ ಅದು ತಪ್ಪು. ಕಟ್ಟುತ್ತಿದ್ದಾಗಲೇ ಬಿದ್ದದ್ದು. 12 ಜನ ಸತ್ತರು, 27 ಜನ ಗಾಯಗೊಂಡರು. ಫುಟ್‌ಬಾಲ್ ತಂಡದ ಆಟಗಾರರು ಬಂದು ದಿಮ್ಮಿ ಎತ್ತಿದರು. ತನಿಖಾ ಆಯೋಗ ಎರಡು ಥರದ ಕಾರಣ ಕೊಟ್ಟಿತು. ಒಂದು ಮರದ್ದು. ಮೇಲಿನ ಅಂತಸ್ತಿನ ದಿಮ್ಮಿಗಳನ್ನು ಕೆಳಗಿನ ಅಂತಸ್ತಿನ ಸಂದುಗಳಿಗೆ ಬೆಣೆ ಹೊಡೆದ ಹಾಗೆ ತುರುಕಿದ್ದರು. ಒಳಗಿನಿಂದ ಹೊರಕ್ಕೆ ಒತ್ತಡ ಬಿತ್ತು. ಸುತ್ತ ಬಿಗಿಯಬೇಕಾದ ಕಟ್ಟು ಸಾಲದೆ ಹೋಯಿತು. ಮುಂಚೆ ಸುತ್ತುತ್ತಿದ್ದ ಉಕ್ಕಿನ ಹಗ್ಗ ಆ ವರ್ಷ ಇರಲಿಲ್ಲ. ಇನ್ನೊಂದು ಮನುಷ್ಯರದ್ದು. ಇದು ನಮ್ಮ ಸಂಪ್ರದಾಯ, ಇದಕ್ಕೇನಾಗುತ್ತೆ ಎಂಬ ಧೋರಣೆಯಿಂದ ಅಪಾಯವೇ ಯಾರ ಕಣ್ಣಿಗೂ ಬೀಳಲಿಲ್ಲ.

ಅದಾದ ಮೇಲೆ ವಿಶ್ವವಿದ್ಯಾಲಯ ಅದನ್ನು ನಿಲ್ಲಿಸಿತು. 2004ರಲ್ಲಿ ಅದೇ ಜಾಗದಲ್ಲಿ ಸ್ಮಾರಕ ಮಾಡಿದರು. ಸುತ್ತಲೂ ಕಲ್ಲಿನ ವೃತ್ತ, ಅದರಲ್ಲಿ 12 ಬಾಗಿಲು. ಒಂದೊಂದೂ ಆ ಮಗುವಿನ ಊರಿನ ದಿಕ್ಕಿಗೆ ಮುಖ ಮಾಡಿದೆ. ಕ್ಯಾಂಪಸ್ಸಿನ ಹೊರಗೆ, ಖಾಸಗಿ ಜಾಗದಲ್ಲಿ ಕೆಲವು ವಿದ್ಯಾರ್ಥಿಗಳು ಸೇರಿ ಈಗಲೂ ಸಣ್ಣದಾಗಿ ಬಾನ್‌ಫೈರ್ ಮಾಡುತ್ತಾರೆ. ವಿನ್ಯಾಸ ಬದಲಾಗಿದೆ. ವಿಶ್ವವಿದ್ಯಾಲಯಕ್ಕೂ ಅದಕ್ಕೂ ಸಂಬಂಧವಿಲ್ಲ. ಮಗಳಿಗೆ ನೇರವಾಗಿ ಹೇಳಿ: ನೋಡಬೇಕು ಅನಿಸಿದರೆ ದೂರದಿಂದ ನೋಡು, ಮರ ಕಡಿಯೋಕೆ, ಹತ್ತೋಕೆ ಹೋಗಬೇಡ. ಸ್ಮಾರಕಕ್ಕೆ ಮಾತ್ರ ಖಂಡಿತ ಹೋಗಿ ಬರಲಿ, ಎಂಜಿನಿಯರ್ ಆಗುವವಳು.

ಉಳಿದವು ಹೆಚ್ಚಾಗಿ ಆಟ. ಎದುರಿಗೆ ಸಿಕ್ಕಿದವರಿಗೆಲ್ಲ "ಹೌಡಿ" ಅನ್ನುತ್ತಾರೆ. ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ನಮ್ಮಲ್ಲಿ ಹೆಬ್ಬೆಟ್ಟು ಅಂದರೆ ಅಕ್ಷರ ಬಾರದವರು, ಅಲ್ಲಿ ಪದವೀಧರರು! ಪರೀಕ್ಷೆಗೆ ಮುಂಚೆ ಸಲ್ ರಾಸ್ ಪ್ರತಿಮೆಯ ಪಾದದ ಬಳಿ ಒಂದು ಸೆಂಟ್ ನಾಣ್ಯ ಇಡುತ್ತಾರೆ. ಆತ ಗುಲಾಮಗಿರಿಯ ಪರ ಕಾದಿದ ದಕ್ಷಿಣದ ಪಡೆಯ ಜನರಲ್. ಪ್ರತಿಮೆ ತೆಗೆಯಿರಿ ಅಂತ 2020ರಲ್ಲಿ ದೊಡ್ಡ ಗಲಾಟೆಯಾಯಿತು, ಪ್ರತಿಮೆ ಉಳಿಯಿತು. ವಿಶ್ವವಿದ್ಯಾಲಯದ ಮ್ಯಾಸ್ಕಟ್ ರೆವೆಲೀ ಎಂಬ ನಾಯಿ, ಒಂದರ ನಂತರ ಬರುವ ನಾಯಿಗೂ ಅದೇ ಹೆಸರು. ಕ್ಯಾಡೆಟ್ ದಳದಲ್ಲಿ ಅದು ಎಲ್ಲರಿಗಿಂತ ಮೇಲಿನ ದರ್ಜೆಯದು. ತರಗತಿಯಲ್ಲಿ ಅದು ಬೊಗಳಿದರೆ ಪಾಠ ಬಿಡಬೇಕು ಅಂತ ಪ್ರತೀತಿ. ಸತ್ತ ರೆವೆಲೀಗಳ ಸಮಾಧಿ ಸ್ಟೇಡಿಯಂ ಪಕ್ಕದಲ್ಲಿದೆ. ಸ್ಟೇಡಿಯಂ ಎತ್ತರಿಸಿದಾಗ ಅವಕ್ಕೆ ಸ್ಕೋರು ಕಾಣದು ಅಂತ ಪುಟ್ಟ ಸ್ಕೋರ್‌ಬೋರ್ಡನ್ನೇ ಹಾಕಿಸಿದರು. ಸೆಂಚುರಿ ಟ್ರೀ ಅಂತ ಒಂದು ಓಕ್ ಮರ ಇದೆ, ಅದರ ಕೆಳಗೆ ಜೋಡಿಯಾಗಿ ನಡೆದರೆ ಮದುವೆ, ಒಂಟಿಯಾಗಿ ನಡೆದರೆ ಒಂಟಿತನ. ಮತ್ತೆ, ತಮ್ಮ ತಂಡ ಸ್ಕೋರ್ ಮಾಡಿದಾಗ ಜೊತೆಗೆ ಬಂದವರಿಗೆ ಮುತ್ತು ಕೊಡುವ ರೂಢಿಯೂ ಉಂಟು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ವಿಡಿಯೊ ನೋಡಿ ಮತ್ತೆ ಪತ್ರ ಬರೆಯಬೇಡಿ. ಜೋಡಿ ಇದ್ದವರ ಮಾತು ಅದು. ಒಂಟಿಯಾಗಿ ಹೋದವರು ಹಲ್ಲು ಬಿಟ್ಟುಕೊಂಡು ನಿಂತಿರುತ್ತಾರೆ, ನನ್ನ ಹಾಗೆ.

ಪಂದ್ಯ ಮುಗಿಯುವ ತನಕ ವಿದ್ಯಾರ್ಥಿಗಳು ನಿಂತೇ ಇರುವುದಕ್ಕೆ ಕಾರಣ ಟ್ವೆಲ್ತ್ ಮ್ಯಾನ್, ಅಂದರೆ ಹನ್ನೊಂದು ಜನರ ತಂಡದ ಹನ್ನೆರಡನೆಯವನು. 1922ರ ಜನವರಿ 2ರಂದು ಡಲ್ಲಾಸ್‌ನಲ್ಲಿ ಸೆಂಟರ್ ಕಾಲೇಜಿನ ಎದುರು ಪಂದ್ಯ. ಒಬ್ಬೊಬ್ಬರೇ ಗಾಯಗೊಂಡು ಬದಲಿ ಆಟಗಾರರೇ ಉಳಿಯದ ಸ್ಥಿತಿ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಮೇಲೆ ಪತ್ರಕರ್ತರು ಕೂರುವ ಜಾಗದಿಂದ ಕರೆಸಿ, ಬಟ್ಟೆ ತೊಡಿಸಿ ಪಕ್ಕದಲ್ಲಿ ನಿಲ್ಲಿಸಿದರು. ಅವನು ಆಡಿ ಗೆಲ್ಲಿಸಿದ ಅಂತ ಕೆಲವರು ಹೇಳುತ್ತಾರೆ. ಇಲ್ಲ, ಅವನು ಆಡಲೇ ಇಲ್ಲ. ತಂಡ 22–14ರಿಂದ ಗೆದ್ದಿತು, ಅವನು ಕೊನೆತನಕ ಸಿದ್ಧನಾಗಿ ನಿಂತಿದ್ದ. ನಿಂತದ್ದಕ್ಕೇ ಪ್ರತಿಮೆ.

ಸರಿ, ಮಗಳು ಏನು ಮಾಡಬೇಕು?

ಏನೂ ಮಾಡದೆ ಇರಬಹುದು. ಹಾಗಿರುವವರಿಗೆ ಅಲ್ಲಿ "ಟು ಪರ್ಸೆಂಟರ್" ಅಂತ ಅಡ್ಡಹೆಸರು. ಶೇಕಡಾ ಎರಡರ ಗುಂಪಿನವನು ಅಂತ. ಇಷ್ಟವಿಲ್ಲದಿದ್ದರೆ "ಹೈವೇ ಸಿಕ್ಸ್ ಎರಡೂ ಕಡೆಗೆ ಹೋಗುತ್ತದೆ" ಎಂಬ ಚುಚ್ಚು ಮಾತೂ ಉಂಟು, ಬಂದ ದಾರಿಯಲ್ಲೇ ಹೋಗು ಅಂತ ಅರ್ಥ. ಇದು ಹೆಚ್ಚಾಗಿ ಪದವಿ ತರಗತಿಯ ಹುಡುಗರ ಮಾತು. ಎಂ.ಎಸ್. ಮಾಡುವವರಲ್ಲಿ ಎಷ್ಟೋ ಮಂದಿ ಲ್ಯಾಬು, ರೂಮು, ಇಂಡಿಯನ್ ಅಂಗಡಿ, ಇಷ್ಟರಲ್ಲೇ ಎರಡು ವರ್ಷ ಮುಗಿಸುತ್ತಾರೆ. ಯಾರೂ ಕೇಳುವುದಿಲ್ಲ. ಅಪಾಯ ಅದೇ, ಯಾರೂ ಕೇಳುವುದಿಲ್ಲ! ಸಂಕೋಚದ ಹುಡುಗಿ ಅಂತೀರಿ. ಚಳಿಗಾಲದ ರಜೆಯಲ್ಲಿ ಆ ಊರು ಖಾಲಿಯಾಗುತ್ತದೆ. ಆಗ ಒಂಟಿತನ ಹೇಗೆ ಕಚ್ಚುತ್ತದೆ ಅಂತ ನನಗೆ ಗೊತ್ತು.

ಪೂರ್ತಿ ಮುಳುಗಬಹುದು. ಫುಟ್‌ಬಾಲ್ ಟಿಕೆಟ್, ಪಂದ್ಯದ ಹಿಂದಿನ ರಾತ್ರಿ ಸೇರಿ ಘೋಷಣೆ ಕೂಗುವುದು, ವಿಶ್ವವಿದ್ಯಾಲಯದ ಗುರುತಿನ ಚಿನ್ನದ ಉಂಗುರ. ಉಂಗುರಕ್ಕೆ ಇಷ್ಟು ಓದಿರಬೇಕು ಅಂತ ನಿಯಮ ಇದೆ, ದುಡ್ಡೂ ಜಾಸ್ತಿ. ಹಣ, ಸಮಯ ಎರಡೂ ಸೋರುತ್ತವೆ. ಉಂಗುರವನ್ನು ಬಿಯರ್ ಜಗ್ಗಿನ ತಳಕ್ಕೆ ಹಾಕಿ ಒಂದೇ ಉಸಿರಿಗೆ ಕುಡಿದು ತೆಗೆಯುವ ಅನಧಿಕೃತ ಚಾಳಿ ಇದೆ, ಅದು ಒಳ್ಳೆಯದಲ್ಲ. ನಮ್ಮ ಕಡೆಯ ಹುಡುಗನೊಬ್ಬ ಮಜ್ಜಿಗೆ ಜಗ್ಗಿನಲ್ಲಿ ಹಾಕಿ ಕುಡಿದ. ಅಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು.

ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟು. ಒಂದು ಸಿಲ್ವರ್ ಟ್ಯಾಪ್ಸ್, ಒಂದು ಮಸ್ಟರ್, ಒಂದು ಪಂದ್ಯ. ಮೊದಲ ವರ್ಷ ಈ ಮೂರು ನೋಡಿ. ಆಮೇಲೆ ಬೇಕೋ ಬೇಡವೋ ನೀವೇ ಹೇಳಿ. ಮತ್ತೆ ಮೆಮೋರಿಯಲ್ ಸ್ಟೂಡೆಂಟ್ ಸೆಂಟರ್ ಒಳಗೆ ಟೋಪಿ ತೆಗೆಯಿರಿ, ಅದರ ಸುತ್ತಲಿನ ಹುಲ್ಲಿನ ಮೇಲೆ ಕಾಲಿಡಬೇಡಿ. ಯುದ್ಧದಲ್ಲಿ ಸತ್ತವರ ನೆನಪಿನ ಜಾಗ ಅದು. ಗುಡಿಯ ಮುಂದೆ ಚಪ್ಪಲಿ ಬಿಟ್ಟ ಹಾಗೆ.

ನೀವು ಕೇಳದ ಒಂದು ಸಂಪ್ರದಾಯ ಉಳಿದಿದೆ. ಅದರಿಂದ ಮಾತ್ರ ಯಾರಿಗೂ ವಿನಾಯಿತಿ ಇಲ್ಲ. ನಮ್ಮ ಮಕ್ಕಳು ಎಡವುವುದು ಅಲ್ಲೇ. ಅದು ಆನರ್ ಕೋಡ್. ಸುಳ್ಳು ಹೇಳುವುದಿಲ್ಲ, ನಕಲು ಮಾಡುವುದಿಲ್ಲ, ಕದಿಯುವುದಿಲ್ಲ, ಅಷ್ಟೇ ಅಲ್ಲ, ಹಾಗೆ ಮಾಡುವವರನ್ನು ಸಹಿಸುವುದೂ ಇಲ್ಲ. ಆ ಕೊನೆಯ ತುಣುಕು ನಮಗೆ ಕಷ್ಟ. ನಮ್ಮಲ್ಲಿ ರೆಕಾರ್ಡ್ ಪುಸ್ತಕ ಒಬ್ಬರದ್ದು ನೋಡಿ ಇನ್ನೊಬ್ಬರು ಬರೆಯುವುದು ಸ್ನೇಹ. ಕೊಡದಿದ್ದವನೇ ಕೆಟ್ಟವನು. ಅಲ್ಲಿ ಕೋಡಿಂಗ್ ಹೋಮ್‌ವರ್ಕ್ ಗೆಳತಿಗೆ "ಸುಮ್ನೆ ನೋಡ್ಕೋ" ಅಂತ ಕಳಿಸಿದರೆ ಇಬ್ಬರ ಮೇಲೂ ಕೇಸು. ಇದಕ್ಕೆಂದೇ ಬೇರೆ ಕಚೇರಿ ಇದೆ. ಅಂಕಪಟ್ಟಿಯಲ್ಲಿ ಎಫ್ ಅಕ್ಷರದ ಪಕ್ಕ ಒಂದು ನಕ್ಷತ್ರ ಬೀಳಬಹುದು. ಆ ನಕ್ಷತ್ರದ ಅರ್ಥ, ಇವಳು ಫೇಲಾದದ್ದು ಓದದೆ ಅಲ್ಲ, ಮೋಸದಿಂದ. ಅಸಿಸ್ಟೆಂಟ್‌ಶಿಪ್, ಅಂದರೆ ಓದಿನ ಜೊತೆ ವಿಶ್ವವಿದ್ಯಾಲಯದಲ್ಲೇ ಮಾಡುವ ಸಂಬಳದ ಕೆಲಸ, ಇದ್ದರೆ ಅದಕ್ಕೂ ಕುತ್ತು. ಬುದ್ಧಿವಂತ, ಒಳ್ಳೆಯ ಮನೆಯ ಹುಡುಗ ಹುಡುಗಿಯರು ಅಳುತ್ತಾ ನನಗೆ ಫೋನ್ ಮಾಡಿದ್ದಾರೆ. ಅವರಿಗೆ ಕೆಟ್ಟ ಬುದ್ಧಿ ಇರಲಿಲ್ಲ, ರೂಢಿ ಇತ್ತು ಅಷ್ಟೇ. ಮಗಳು ಪ್ರತಿ ವಿಷಯದ ಮೊದಲ ವಾರವೇ ಪ್ರೊಫೆಸರ್‌ಗೆ ಇಮೇಲ್ ಮಾಡಿ ಕೇಳಲಿ: ಜೊತೆಯಾಗಿ ಎಷ್ಟು ಮಾಡಬಹುದು, ಇಂಟರ್‌ನೆಟ್ಟಿಂದ ಎಷ್ಟು ತೆಗೆದುಕೊಳ್ಳಬಹುದು, ಎಐ ಬಳಸಬಹುದಾ. ಉತ್ತರ ಬರವಣಿಗೆಯಲ್ಲಿ ಇರಲಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೊನೆಯದಾಗಿ ಗಡಿಯಾರದ ವಿಷಯ. ಅಲ್ಲಿ ಮಂಗಳವಾರ ರಾತ್ರಿ ಹತ್ತೂವರೆ ಅಂದರೆ ನಮಗೆ ಬುಧವಾರ ಬೆಳಿಗ್ಗೆ ಒಂಬತ್ತು, ಚಳಿಗಾಲದಲ್ಲಿ ಹತ್ತು. ನೀವು ಶಾಲೆಯಲ್ಲಿರುತ್ತೀರಿ, ಪ್ರಾರ್ಥನೆಯೋ ಮೊದಲ ಪಿರಿಯಡ್ಡೋ ನಡೆಯುತ್ತಿರುತ್ತದೆ. ಮಗಳು ಮೊದಲ ಸಿಲ್ವರ್ ಟ್ಯಾಪ್ಸ್ ಮುಗಿಸಿ ಬಂದ ರಾತ್ರಿ ಫೋನ್ ಮಾಡಬಹುದು. ಹೆಡ್‌ಮಾಸ್ಟರ್‌ಗೆ ಮೊದಲೇ ಹೇಳಿಟ್ಟಿರಿ, ಎದ್ದು ಹೊರಗೆ ಹೋಗಿ ಮಾತಾಡಿ.